ಆಡಿಯೊ ಪುಸ್ತಕದಲ್ಲಿ ನಮ್ಮ ಕಡೆ ಮಾತು ಯಾಕೆ ಹೀಗೆ ಕೇಳಿಸುತ್ತೆ?

ಮಾನ್ವಿರಸ್ತೆ | ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆಯಲ್ಲಿ ಕೊರೀತಿರೋ ವಿಷಯ ಇದು, ಇಲ್ಲಿ ಹೇಳಿಕೊಳ್ಳೋಣ ಅನ್ನಿಸಿತು.

ನಾನು ರಾಯಚೂರಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೀತೀನಿ. ವಾರದಲ್ಲಿ ನಾಲ್ಕು ದಿನ ವಸೂಲಿಗೆ ಮಾನ್ವಿ, ಸಿಂಧನೂರು ಕಡೆ ಬಸ್ಸಿನಲ್ಲಿ ಓಡಾಟ. ದಾರಿಯುದ್ದಕ್ಕೂ ಆಡಿಯೊ ಪುಸ್ತಕ ಕೇಳೋದು ರೂಢಿಯಾಗಿ ನಾಲ್ಕು ವರ್ಷ ಆಯ್ತು. ಈಗ ರಾತ್ರಿ ನಮ್ಮವ್ವನಿಗೂ ಹಚ್ಚಿ ಕೊಡ್ತೀನಿ. ಅವಳಿಗೆ ಗ್ಲಾಕೋಮಾ. ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದರಲ್ಲಿ ಅಕ್ಷರ ಹತ್ತಲ್ಲ. ವಾರಪತ್ರಿಕೆಯ ಧಾರಾವಾಹಿಯನ್ನ ಒಂದು ಕಂತೂ ಬಿಡದೆ ಓದ್ತಿದ್ದವಳು.

ಮೊನ್ನೆ ಒಂದು ಕಾದಂಬರಿ ಹಚ್ಚಿದೆ. ಕಥೆ ನಮ್ಮ ಕಡೆಯದೇ. ಓದಿದವರ ದನಿ ಇಂಪಾಗಿದೆ, ಅಕ್ಷರ ಸ್ಪಷ್ಟ. ವಿವರಣೆ ಇರೋವರೆಗೂ ಏನೂ ತೊಂದರೆ ಇರಲಿಲ್ಲ. ಮಾತುಕತೆ ಶುರುವಾದ ಮೇಲೆ ಕೆಟ್ಟಿತು. ಮಗ ಮನೆಗೆ ಬಂದು "ಉಂಡಿ ಏನವ್ವಾ" ಅಂತ ಕೇಳೋ ಜಾಗ. ನಮ್ಮ ಮನೆಗಳಲ್ಲಿ ಅದು ಬಾಗಿಲ ಹತ್ತಿರ ಚಪ್ಪಲಿ ಬಿಡುವಾಗ ಮೆತ್ತಗೆ ಬರೋ ಮಾತು. ಅವರು ಅದನ್ನ ಜಗಳಕ್ಕೆ ನಿಂತವರ ಥರ ದನಿ ಏರಿಸಿ, ಕೊನೆಗೆ ಒಂದು ಎಳೆತ ಹಾಕಿ ಓದಿದರು. ಆಮೇಲೆ ಪುಂಡಿಪಲ್ಯ ಬಂತು. "ಪುಂಡಿ" ಅಂದು, ನಿಂತು, ಉಸಿರು ತಗೊಂಡು, "ಪಲ್ಯ" ಅಂದರು. ಅವ್ವ ಗೋಡೆಗೆ ಒರಗಿ ಕೇಳ್ತಿದ್ದಳು. "ಈಕಿ ಪುಂಡಿಪಲ್ಯ ಉಂಡಾಕಿ ಅಲ್ಲ ಬಿಡು. ಬಂದ್ ಮಾಡು" ಅಂದಳು. ಮತ್ತೆ ಆ ಪುಸ್ತಕ ಹಚ್ಚು ಅಂತ ಕೇಳಲೇ ಇಲ್ಲ.

ನನಗೆ ಬೇಜಾರಾಗಿದ್ದು ಅದಕ್ಕೇ. ಪುಸ್ತಕ ಚೆನ್ನಾಗಿತ್ತು. ನಿಮಗೂ ಹೀಗೆ ಆಗಿದೆಯಾ? ಓದುವವರ ದನಿ ನಿಮಗೆ ಎಷ್ಟು ಮುಖ್ಯ?

ಗಂಗಾವತಿಸೋನಾ | 9:20

ಆಗಿದೆ, ಎಷ್ಟು ಸಲ ಅಂತ ಹೇಳಲಿ. ನಮ್ಮ ಮಾತು ಬಂದ ಕೂಡಲೇ ದನಿ ದೊಡ್ಡದು ಮಾಡ್ತಾರೆ. ಸಿನಿಮಾದಲ್ಲಿ ನಮ್ಮ ಕಡೆಯವರು ಅಂದರೆ ನಗಿಸೋಕೆ ಬರೋರು ಅಂತ ಆಗಿಬಿಟ್ಟಿದೆ ಅಲ್ವಾ, ಅದೇ ಕಿವಿಯಲ್ಲಿ ಕೂತಿದೆ. ಸಾವಿನ ಮನೆಯ ಮಾತನ್ನೂ ಹಾಗೇ ಓದಿದ್ದು ಕೇಳಿದೀನಿ.

ಹಟ್ಟಿಮೂರನೇಪಾಳಿ | 9:24

ಅವ್ವ ಹೇಳಿದ್ದು ನೂರಕ್ಕೆ ನೂರು ಸರಿ.

ಕೋಟೆಕೆಳಗೆ | 9:31

ಬಳ್ಳಾರಿಯಿಂದ. ಇನ್ನೊಂದು ತಕರಾರು ಸೇರಿಸ್ತೀನಿ. ಸ್ವಲ್ಪ ಕಾಳಜಿ ಇರೋ ಓದುಗರು "ಉತ್ತರ ಕರ್ನಾಟಕದ ಶೈಲಿ" ಅಂತ ಒಂದನ್ನ ಕಲಿತಿರ್ತಾರೆ. ಅದು ಧಾರವಾಡದ್ದು. ಅದನ್ನೇ ರಾಯಚೂರಿಗೂ ಹಾಕ್ತಾರೆ, ಕೊಪ್ಪಳಕ್ಕೂ ಹಾಕ್ತಾರೆ, ನಮಗೂ ಹಾಕ್ತಾರೆ. ನಾವು ಹಾಗೆ ಮಾತಾಡೋದೇ ಇಲ್ಲ.

ಇದಕ್ಕೆ ಕಾರಣವೂ ಇದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದ ಊರುಗಳು. ಕಚೇರಿ, ಶಾಲೆ ಎಲ್ಲ ಉರ್ದು. ಬಳ್ಳಾರಿ ಮದ್ರಾಸಿನವರ ಕೆಳಗಿತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹಾಗಾಗಿ ನಮ್ಮ ಮಾತಿನಲ್ಲಿ ತೆಲುಗಿನ ಎಳೆ ಜಾಸ್ತಿ. ಗಡಿಯ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಬಾಗಿಲು ದಾಟಿದರೆ ಕನ್ನಡ. ನೂರೈವತ್ತು ಕಿಲೋಮೀಟರ್ ಒಳಗೆ ಇಷ್ಟು ಬೇರೆ ಬೇರೆ ಇರುವಾಗ ಎಲ್ಲಕ್ಕೂ ಒಂದೇ ಅಂಗಿ ತೊಡಿಸಿದರೆ ಹೇಗೆ?

ಸಾಧನಕೇರಿಯವ | 9:40

ಧಾರವಾಡದವನು ನಾನು, ಹತ್ತು ವರ್ಷದಿಂದ ಹೊಸಪೇಟೆಯಲ್ಲಿ ಇದ್ದೀನಿ. ಧಾರವಾಡದ ಮಾತು ಅಂತ ನೀವು ಹೇಳ್ತಿರೋದು ಧಾರವಾಡದ್ದೂ ಅಲ್ಲ. ನಮ್ಮೂರಲ್ಲೇ ಓಣಿಗೊಂದು ಥರ ಇದೆ. ಆಡಿಯೊದಲ್ಲಿ ಬರೋದು ನಾಟಕ, ಸೀರಿಯಲ್ಲಿನಲ್ಲಿ ತಯಾರಾದ ಮಾತು. ಅದನ್ನ ಕೇಳಿದರೆ ನನಗೂ ಮೈ ಉರಿಯುತ್ತೆ. ಬೈಯೋದಾದರೆ ಓದಿದವರಿಗೆ ಬೈಯಿರಿ, ಊರಿಗೆ ಬೇಡ.

ಕೋಟೆಕೆಳಗೆ | 9:43

ಸರಿ ಅಣ್ಣ, ಒಪ್ಪಿದೆ. ಊರಿನ ಹೆಸರು ವಾಪಸ್ ತಗೊಂಡೆ. ತಕರಾರು ಮಾತ್ರ ಹಾಗೇ ಇದೆ.

ಎಡದಂಡೆಸಿಂಧನೂರು | 9:50

ಮಾತಿನ ಧಾಟಿ ಆಮೇಲೆ. ಮೊದಲು ಳ ಅನ್ನೋಕೆ ಬರಲಿ. ಟ್ರ್ಯಾಕ್ಟರ್ ಹೊಡೀತಾ ಒಂದು ಪುಸ್ತಕ ಕೇಳ್ತಿದ್ದೆ. "ಹಲ್ಲಿಯ ಜನ ಎಲ್ಲ ಸೇರಿದರು" ಅಂತ ಬಂತು. ಹಳ್ಳಿ ಹೋಗಿ ಹಲ್ಲಿ! ಇನ್ನೊಂದು ಕಡೆ "ಸಾರಿಗೆ ಹುಲಿ ಸಾಲದು" ಅಂದರು. ದುಡ್ಡು ಕೊಟ್ಟು ತಗೊಂಡ ಪುಸ್ತಕ ಅದು. ಓದಿದ ಮೇಲೆ ಬೇರೆ ಯಾರೂ ಕೂತು ಕೇಳಲ್ವಾ?

ಗಂಗಾವತಿಸೋನಾ | 9:53

ಟ್ರ್ಯಾಕ್ಟರ್ ಸದ್ದಿನಲ್ಲಿ ಹೇಗೆ ಕೇಳಿಸುತ್ತೆ ಅಣ್ಣ?

ಎಡದಂಡೆಸಿಂಧನೂರು | 9:55

ಒಂದೇ ಕಿವಿಗೆ ಹಾಕ್ತೀನಿ. ಇನ್ನೊಂದು ಎಂಜಿನ್ನಿಗೆ. ಗಾಡಿ ಏನಾದರೂ ಬೇರೆ ಸದ್ದು ಮಾಡಿದರೆ ತಿಳೀಬೇಕಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆ ಹದ ಮಾಡುವಾಗ ದಿನಕ್ಕೆ ಎಂಟು ತಾಸು ಆಗುತ್ತೆ. ದೊಡ್ಡ ಕಾದಂಬರಿ ಎರಡು ದಿನಕ್ಕೆ ಮುಗಿಯುತ್ತೆ.

ಕಿವಿಯೇಕಣ್ಣು | 10:02

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಯಾರೂ ತಪ್ಪು ತಿಳೀಬೇಡಿ. ಹುಟ್ಟಿದಾಗಿಂದ ನನಗೆ ಕಣ್ಣು ಕಾಣಲ್ಲ. ಬಳ್ಳಾರಿಯಲ್ಲಿ ಬ್ಯಾಂಕ್ ಕೆಲಸ. ನಾನು ಓದಿದ್ದೆಲ್ಲ ಕಿವಿಯಿಂದಲೇ.

ನನಗೆ ನಟನೆ ಬೇಡ. ಮಗನ ದನಿ, ತಾಯಿ ದನಿ, ಮುದುಕನ ಕೆಮ್ಮು ಯಾವುದೂ ಬೇಡ. ಸುಮ್ನೆ ಓದಿ. ಕಣ್ಣಿರುವವರು ಪುಸ್ತಕ ಓದುವಾಗ ಪಾತ್ರದ ದನಿಯನ್ನ ತಾವೇ ಕಟ್ಟಿಕೊಳ್ತಾರೆ. ಆ ಕೆಲಸ ನನಗೂ ಬಿಡಿ. ಓದುವವರು ಅತ್ತುಬಿಟ್ಟರೆ ನನಗೆ ಅಳೋಕೆ ಜಾಗ ಎಲ್ಲಿ ಉಳೀತು? ನಾಟಕವೇ ಬೇಕು ಅಂದಾಗ ಆಕಾಶವಾಣಿಯ ನಾಟಕ ಕೇಳ್ತೀನಿ, ಅದು ಬೇರೆ ರುಚಿ.

ಇನ್ನೊಂದು, ನಾನು ಎರಡು ಪಟ್ಟು ವೇಗದಲ್ಲಿ ಕೇಳೋದು. ನಿಧಾನವಾಗಿ, ಒಂದೇ ಹದದಲ್ಲಿ ಓದಿದವರನ್ನ ಎಷ್ಟು ಓಡಿಸಿದರೂ ಅಕ್ಷರ ಕೆಡಲ್ಲ. ಪಿಸುಮಾತು, ಕಿರುಚಾಟ ಮಾಡಿದವರದ್ದು ಓಡಿಸಿದರೆ ಅರ್ಧ ನುಂಗಿಹೋಗುತ್ತೆ.

ಮಾನ್ವಿರಸ್ತೆಯವರೇ, ನಿಮ್ಮ ಅವ್ವನಿಗೆ ಒಂದು ದಾರಿ ಹೇಳ್ತೀನಿ. ಸುಗಮ್ಯ ಪುಸ್ತಕಾಲಯ ಅಂತ ಇದೆ. 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ. ಅಚ್ಚು ಅಕ್ಷರ ಓದೋಕೆ ಆಗದ ಯಾರು ಬೇಕಾದರೂ ಸದಸ್ಯರಾಗಬಹುದು, ಹುಟ್ಟು ಕುರುಡೇ ಆಗಿರಬೇಕು ಅಂತ ಇಲ್ಲ. ಅಲ್ಲಿ ಡೈಸಿ ಅನ್ನೋ ಮಾದರಿಯ ಪುಸ್ತಕ ಸಿಗುತ್ತೆ. ಅದರಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು. ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದಲೇ ಶುರು.

ಮಾನ್ವಿರಸ್ತೆ | 10:10

ಇದು ನನಗೆ ಗೊತ್ತೇ ಇರಲಿಲ್ಲ ಸರ್. ನಾಳೆನೇ ನೋಡ್ತೀನಿ. ಅವ್ವನ ಕಣ್ಣಿನ ಕಾಗದ ಪತ್ರ ಎಲ್ಲ ಇವೆ. ಇದಕ್ಕೆ ಬರೆದವರ ಒಪ್ಪಿಗೆ ಬೇಡವಾ?

ಕಿವಿಯೇಕಣ್ಣು | 10:14

ಅಂಗವಿಕಲರಿಗಾಗಿ ಮಾಡಿದ ಪ್ರತಿಗೆ ಬೇಡ. 2012ರಲ್ಲಿ ಕಾಪಿರೈಟ್ ಕಾಯಿದೆ ತಿದ್ದುಪಡಿ ಮಾಡಿ ಅದಕ್ಕೆ ವಿನಾಯಿತಿ ಕೊಟ್ಟರು. ಇಡೀ ಜಗತ್ತಿಗೆ ಇದೇ ವಿಷಯಕ್ಕೆ ಮರಾಕೇಶ್ ಒಪ್ಪಂದ ಅಂತ ಇದೆ, ಅದನ್ನ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ನನಗೆ ಅದರ ಬಗ್ಗೆ ತುಂಬ ಹೆಮ್ಮೆ ಇದೆ. ಆದರೆ ಕನ್ನಡ ಪುಸ್ತಕ ಇನ್ನೂ ಬಹಳ ಬರಬೇಕು.

ದುಡ್ಡು ಕೊಟ್ಟು ಕೇಳೋ ಒಂದು ಆಪ್‌ನಲ್ಲಿ ನನ್ನ ಫೋನು ಬರೀ "ಲೇಬಲ್ ಇಲ್ಲದ ಬಟನ್, ಲೇಬಲ್ ಇಲ್ಲದ ಬಟನ್" ಅಂತಲೇ ಓದುತ್ತೆ. ಯಾವುದು ಶುರು, ಯಾವುದು ಹಿಂದಕ್ಕೆ ಅಂತ ಬೆರಳಿಟ್ಟು ಎಣಿಸಿ ನೆನಪಿಟ್ಟುಕೊಂಡಿದ್ದೆ. ಅಪ್‌ಡೇಟ್ ಆಯ್ತು, ಎಲ್ಲ ಜಾಗ ಬದಲಾಯ್ತು. ಕೇಳುವವರಿಗಾಗಿಯೇ ಮಾಡಿದ ಆಪ್ ಅದು. ಎರಡು ಸಲ ಬರೆದೆ, ಉತ್ತರ ಇಲ್ಲ.

ಹಟ್ಟಿಮೂರನೇಪಾಳಿ | 10:21

ಇದು ಓದಿ ಹೊಟ್ಟೆ ಉರೀತು.

ಗಂಗಾವತಿಸೋನಾ | 10:25

ಸರ್, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಪೂರ್ತಿ ಒಪ್ಪೋಕೆ ಆಗಲ್ಲ. ನಾವು ಕಥೆ ಕೇಳಿ ಬೆಳೆದವರು. ಬಯಲಾಟ, ಬುರ್ರಕಥೆ. ದರೋಜಿ ಈರಮ್ಮ ಇದ್ದರಲ್ಲ, ಸಂಡೂರು ತಾಲೂಕಿನವರು. ಅಕ್ಷರ ಗೊತ್ತಿಲ್ಲ, ಆದರೆ ಹನ್ನೆರಡು ಕಾವ್ಯ ಬಾಯಲ್ಲಿ. ಅವರು ಯಾವುದನ್ನೂ ಸುಮ್ನೆ ಒಪ್ಪಿಸ್ತಿರಲಿಲ್ಲ. ಯುದ್ಧ ಬಂದರೆ ದನಿ ಏರೋದು, ಪಕ್ಕದವರು ಬುರ್ರ ಬಾರಿಸುತ್ತ ದನಿಗೂಡಿಸೋರು. 2014ರಲ್ಲಿ ತೀರಿಕೊಂಡರು. ನಾನು ಚಿಕ್ಕವಳಿದ್ದಾಗ ಒಂದು ಸಲ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಕಿವಿಯೇಕಣ್ಣು | 10:31

ಈರಮ್ಮನವರನ್ನ ನಾನೂ ಕೇಳಿದೀನಿ ತಂಗಿ. ಅದು ಅವರದ್ದೇ ಕಥೆ. ಬಾಯಿಂದಲೇ ಹುಟ್ಟಿದ್ದು, ಹಾಗಾಗಿ ದನಿ ಕಥೆಯದ್ದೇ ಭಾಗ. ಕಾದಂಬರಿ ಬರೆದವರದ್ದು. ಓದುವವರು ನಡುವೆ ನಿಂತವರು. ಗಮಕದಲ್ಲೂ ನೋಡಿ, ವಾಚನ ಮಾಡೋರು ಬೇರೆ, ವ್ಯಾಖ್ಯಾನ ಮಾಡೋರು ಬೇರೆ. ವಾಚನ ಮಾಡೋರು ಪದ್ಯವನ್ನ ಅರ್ಥ ಒಡೆಯೋ ಹಾಗೆ ಬಿಡಿಸಿ ರಾಗಕ್ಕೆ ಹಾಕ್ತಾರೆ, ಭೀಮನ ವೇಷ ಹಾಕಲ್ಲ. ನಮ್ಮ ಬಳ್ಳಾರಿಯ ಜೋಳದರಾಶಿ ದೊಡ್ಡನಗೌಡರು ನಾಟಕದವರೂ ಹೌದು, ಗಮಕಿಗಳೂ ಹೌದು. ಎರಡೂ ಬಂದವರಿಗೇ ಎರಡರ ನಡುವಿನ ಗೆರೆ ಗೊತ್ತಿರೋದು.

ಸಾಧನಕೇರಿಯವ | 10:36

ಈ ಮಾತು ಬಹಳ ಚಲೋ ಹೇಳಿದ್ರಿ.

ಬೆರಳತುದಿ | 10:40

ಇಷ್ಟೆಲ್ಲ ಯಾಕೆ? ಈಗ ಎಐ ದನಿಗಳು ಬಂದಿವೆ. ಪುಸ್ತಕ ಹಾಕಿದರೆ ಒಂದು ತಾಸಿನಲ್ಲಿ ರೆಡಿ. ಳ, ಹ ಎಲ್ಲ ಸರಿಯಾಗಿ ಹೇಳುತ್ತೆ. ಇನ್ನೆರಡು ವರ್ಷಕ್ಕೆ ಮನುಷ್ಯರು ಓದೋದೇ ನಿಲ್ಲುತ್ತೆ ನೋಡಿ.

ಕಿವಿಯೇಕಣ್ಣು | 10:46

ಯಂತ್ರದ ದನಿ ನನ್ನ ದಿನದ ಅನ್ನ. ಬ್ಯಾಂಕಿನ ಕೆಲಸವೆಲ್ಲ ಅದರಲ್ಲೇ. ಅದಕ್ಕೆ ಋಣಿ. ಆದರೆ ಕನ್ನಡದಲ್ಲಿ ತೊಡಕು ಅಕ್ಷರದ್ದಲ್ಲ, ಬರೆದ ಹಾಗೇ ಓದೋ ಭಾಷೆ ನಮ್ಮದು. ತೊಡಕು ನಿಲ್ಲಿಸೋ ಜಾಗದ್ದು. "ಅವನು ಬಂದ ಮೇಲೆ ಕೂತ." ಇದನ್ನ ಓದಿ ನೋಡಿ. "ಬಂದ ಮೇಲೆ" ಅಂತ ಸೇರಿಸಿ ಓದಿದರೆ ಬಂದ ನಂತರ ಕೂತ. "ಬಂದ" ಅಂತ ನಿಲ್ಲಿಸಿದರೆ ಬಂದು ಅಟ್ಟದ ಮೇಲೆ ಕೂತ. ಕಥೆ ತಿಳಿದವರಿಗೆ ಮಾತ್ರ ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತು. ಒಳ್ಳೆ ಓದು ಅಂದರೆ ನನಗೆ ಅದೇ, ಸರಿಯಾದ ಜಾಗದಲ್ಲಿ ನಿಲ್ಲೋದು.

ಬೆರಳತುದಿ | 10:49

ಸರಿ, ಇದು ನನಗೆ ಹೊಳೆದಿರಲಿಲ್ಲ. ಪಾಠದ ಪುಸ್ತಕ, ಸುದ್ದಿ ಇಂಥದ್ದಕ್ಕೆ ಯಂತ್ರ ಸಾಕಲ್ವಾ?

ಕಿವಿಯೇಕಣ್ಣು | 10:50

ಧಾರಾಳವಾಗಿ. ಪರೀಕ್ಷೆಗೆ ಓದೋ ಹುಡುಗರಿಗೆ ನಾಳೆ ಬೇಕಾದ ಪುಸ್ತಕ ಇವತ್ತೇ ಸಿಗಬೇಕು. ಅಲ್ಲಿ ಯಾರ ದನಿ ಅಂತ ಕೂತರೆ ವರ್ಷ ಹೋಗುತ್ತೆ.

ಕೌದಿಕೋಣೆ | 10:58

ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ಈಗ ಬರೀಲೇಬೇಕು. ನಾನು ಕೊಪ್ಪಳದ ಹತ್ತಿರ ಪ್ರಾಥಮಿಕ ಶಾಲೆ ಟೀಚರ್. ಎರಡು ವರ್ಷದಿಂದ ಮನೆಯಲ್ಲೇ ಪುಸ್ತಕ ಓದಿ ರೆಕಾರ್ಡ್ ಮಾಡ್ತೀನಿ.

ಓದುವವರ ಕಡೆಯದ್ದೂ ಸ್ವಲ್ಪ ಕೇಳಿ. ನನ್ನ ಸ್ಟುಡಿಯೊ ಅಂದರೆ ಕಾಳಿನ ಚೀಲ ಇಡೋ ಕೋಣೆ. ಮೂರು ಕಡೆ ಹಗ್ಗ ಕಟ್ಟಿ ಅಜ್ಜಿ ಹೊಲಿದ ಕೌದಿ ಇಳಿಬಿಟ್ಟಿದೀನಿ, ಹಿಂದೆ ಒಂದು ಹಾಸಿಗೆ ನಿಲ್ಲಿಸಿದೀನಿ. ಕೌದಿಯಷ್ಟು ಚೆನ್ನಾಗಿ ಸದ್ದು ಕುಡಿಯೋದು ಬೇರೆ ಇಲ್ಲ, ಹಳೇ ಸೀರೆ ಪದರ ಪದರ ಇರುತ್ತಲ್ಲ. ಫ್ಯಾನ್ ಹಾಕೋ ಹಾಗಿಲ್ಲ, ಅದರ ಗುಂಯ್ ಮೈಕಿಗೆ ಬೀಳುತ್ತೆ. ಮೇ ತಿಂಗಳಲ್ಲಿ ನಮ್ಮ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳೋದೇ ಬೇಡ. ಇಪ್ಪತ್ತು ನಿಮಿಷ ಓದಿ ಹೊರಗೆ ಬಂದರೆ ರವಿಕೆ ಹಿಂಡಬಹುದು. ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿಯೋವರೆಗೂ ಮೈಕ್ ಮುಟ್ಟಲ್ಲ. ಊರ ತುಂಬ ಸಂಭ್ರಮ, ಆಗ ಓದೋದೂ ತಪ್ಪು.

ದೊಡ್ಡ ಕಂಪನಿಗಳು ಕೇಳೋ ಅಳತೆ ಏನು ಗೊತ್ತಾ? ನಾವು ಸುಮ್ಮನಿದ್ದಾಗ ಕೋಣೆಯ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು. ಪಕ್ಕದ ಮನೆ ಮಿಕ್ಸಿ, ಗುಬ್ಬಿ, ದೂರದ ಬೋರ್‌ವೆಲ್ ಎಲ್ಲ ಲೆಕ್ಕಕ್ಕೆ ಬರುತ್ತೆ. ತಪ್ಪಿದಾಗ ಒಂದು ಚಪ್ಪಾಳೆ ಹೊಡೀತೀನಿ. ಕಂಪ್ಯೂಟರಿನಲ್ಲಿ ಆ ಜಾಗ ಗೋಪುರದ ಥರ ಎದ್ದು ಕಾಣುತ್ತೆ, ಅಲ್ಲಿಂದ ಕತ್ತರಿಸಿ ಮತ್ತೆ ಓದೋದು. ಕೇಳೋಕೆ ಒಂದು ತಾಸು ಆಗೋದನ್ನ ಮಾಡೋಕೆ ನನಗೆ ಐದು ತಾಸು ಬೇಕು. ಬೇರೆಯವರನ್ನ ಕೂರಿಸಿ ತಪ್ಪು ಹುಡುಕಿಸೋದಕ್ಕೆ ದುಡ್ಡು ಎಲ್ಲಿಂದ? ಎಷ್ಟೋ ಸಲ ಓದಿದವರೇ ತಿದ್ದಬೇಕು. ನಮ್ಮ ತಪ್ಪು ನಮ್ಮ ಕಿವಿಗೆ ಬೀಳಲ್ಲ.

ಪುಂಡಿಪಲ್ಯ ಅಂತ ಓದಿದವರಿಗೆ ಯಾರಾದರೂ ಒಂದು ಸಲ ಹೇಳಿದ್ದರೆ ಅವರು ತಿದ್ದಿಕೊಳ್ತಿದ್ದರು ಅಂತ ನನಗೆ ಅನ್ಸುತ್ತೆ. ನಾನು ಬೇರೆ ಸೀಮೆ ಕಥೆ ಓದೋ ಮುಂಚೆ ಆ ಊರಿನ ಒಬ್ಬರಿಗೆ ಫೋನ್ ಮಾಡಿ ಮಾತುಗಳನ್ನ ಕೇಳಿಕೊಳ್ತೀನಿ. ಮಲೆನಾಡಿನ ಒಂದು ಕಥೆಗೆ ಮೂರು ಸಂಜೆ ಫೋನಿನಲ್ಲೇ ಕೂತಿದ್ದೆ.

ಎಡದಂಡೆಸಿಂಧನೂರು | 11:05

ಅಕ್ಕಾರೆ, ಇಷ್ಟು ಕಷ್ಟ ಇದೆ ಅಂತ ನನಗೆ ಗೊತ್ತಿರಲಿಲ್ಲ. ಹಲ್ಲಿ ಅಂದವರ ಮೇಲೆ ಸಿಟ್ಟು ಸ್ವಲ್ಪ ಇಳೀತು. ಪೂರ್ತಿ ಇಳಿದಿಲ್ಲ.

ಹಟ್ಟಿಮೂರನೇಪಾಳಿ | 11:09

ಮಧ್ಯೆ ಕೇಳ್ತೀನಿ, ಪುಂಡಿಪಲ್ಯದ ಮಾತು ಬಂದು ಹಸಿವಾಗಿದೆ. ಪಾಳಿ ಮುಗಿಸಿ ಬಂದಾಗ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದಿಷ್ಟು ಶೇಂಗಾ ಎಣ್ಣೆ. ಯಾರ ಮನೆಯಲ್ಲಿ ಬೇಳೆ ಹಾಕ್ತೀರಿ, ಯಾರ ಮನೆಯಲ್ಲಿ ಜೋಳದ ನುಚ್ಚು?

ಗಂಗಾವತಿಸೋನಾ | 11:11

ನಾವು ಅಕ್ಕಿ ನಾಡಿನವರು, ಅಕ್ಕಿ ನುಚ್ಚು.

ಕೋಟೆಕೆಳಗೆ | 11:12

ಬೇಳೆ. ಬೆಳ್ಳುಳ್ಳಿ ಜಾಸ್ತಿ. ವಾದ ಬೇಡ.

ಸಾಧನಕೇರಿಯವ | 11:14

ಪುಸ್ತಕಕ್ಕೆ ವಾಪಸ್ ಬರೋಣ. ಟೀಚರ್, ನೀವು ಯಾವ ಪುಸ್ತಕ ಓದ್ತೀರಿ? ಯೂಟ್ಯೂಬಿನಲ್ಲಿ ಯಾರ್ಯಾರೋ ಹೊಸ ಕಾದಂಬರಿ ಪೂರ್ತಿ ಓದಿ ಹಾಕಿರ್ತಾರೆ, ಅದು ಸರಿನಾ?

ಕೌದಿಕೋಣೆ | 11:20

ಕೇಳದೆ ಹಾಕಿದ್ದರೆ ಸರಿ ಅಲ್ಲ. ಅಭಿಮಾನದಿಂದಲೇ ಓದಿರ್ತಾರೆ, ಆದರೂ ಬರೆದವರ ಹೊಟ್ಟೆ ಮೇಲೆ ಹೊಡೆದ ಹಾಗೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಅದಾದ ಮೇಲೆ ಯಾರು ಬೇಕಾದರೂ ಓದಬಹುದು. ಗಳಗನಾಥರು ತೀರಿಕೊಂಡದ್ದು 1942ರಲ್ಲಿ, ಅವರದ್ದು ಓದೋಕೆ ಯಾರ ಅಪ್ಪಣೆಯೂ ಬೇಡ. ಈಗಿನವರದ್ದಾದರೆ ನಾನು ಒಂದು ಕಾಗದ ಬರೀತೀನಿ, ಜೊತೆಗೆ ಐದು ನಿಮಿಷ ಓದಿ ಕಳಿಸ್ತೀನಿ. ಇದುವರೆಗೆ ಆರು ಜನಕ್ಕೆ ಬರೆದೆ, ನಾಲ್ವರು ಹೂಂ ಅಂದರು. ಒಬ್ಬರು ಫೋನ್ ಮಾಡಿ "ಈ ಸಾಲು ನಾನು ಬರೆದಾಗ ಹೀಗೇ ಕೇಳಿಸಿತ್ತು" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆರಳತುದಿ | 11:23

ನಿಮ್ಮ ಓದನ್ನ ಎಲ್ಲಿ ಕೇಳಬಹುದು ಮೇಡಂ?

ಮಾನ್ವಿರಸ್ತೆ | 11:26

ನಾನೂ ಅದನ್ನೇ ಕೇಳೋಣ ಅಂತಿದ್ದೆ. ಟೀಚರ್, ತಪ್ಪು ತಿಳೀಬೇಡಿ, ಒಂದು ಅಧ್ಯಾಯ ನಮ್ಮವ್ವನಿಗೆ ಕಳಿಸ್ತೀರಾ? ಅವಳು ಒಪ್ಪಿದರೆ ಇಡೀ ರಾಯಚೂರು ಒಪ್ಪಿದ ಹಾಗೆ.

ಕೌದಿಕೋಣೆ | 11:30

ನಮ್ಮ ಕಡೆ ಕಥೆಯೇ ಒಂದು ಇದೆ, ಬರೆದವರು ಒಪ್ಪಿದ್ದಾರೆ. ಮೊದಲ ಅಧ್ಯಾಯ ಕಳಿಸಿದೀನಿ, ನೋಡಿ. ಇಪ್ಪತ್ತೆರಡು ನಿಮಿಷ ಇದೆ. ಹೊಗಳೋದು ಬೇಡ, ಎಲ್ಲಿ ತಪ್ಪಿದೆ ಅಂತ ಕೇಳಿ ಹೇಳಿ.

ಕಿವಿಯೇಕಣ್ಣು | 11:32

ನನಗೂ ಕಳಿಸಿ. ಎರಡು ಪಟ್ಟು ವೇಗದಲ್ಲಿ ಕೇಳಿ ಹೇಳ್ತೀನಿ.

ಮಾನ್ವಿರಸ್ತೆ | ಮರುದಿನ ರಾತ್ರಿ 9:47

ಅವ್ವ ಏನಂದಳು ಅಂತ ಬರೀಬೇಕಿತ್ತು, ಈಗ ಪುರುಸೊತ್ತಾಯ್ತು.

ಊಟ ಆದ ಮೇಲೆ ಹಚ್ಚಿದೆ. ಮೊದಲ ಐದು ನಿಮಿಷ ಅವ್ವ ಏನೂ ಮಾತಾಡಲಿಲ್ಲ. ಕೈಯಲ್ಲಿ ಶೇಂಗಾ ಇತ್ತು, ಸುಲಿಯೋದು ನಿಲ್ಲಿಸಿದಳು. ಅತ್ತೆ-ಸೊಸೆ ಮಾತಾಡೋ ಜಾಗ ಬಂತು. ಟೀಚರ್ ಅಲ್ಲಿ ದನಿ ಬದಲಾಯಿಸಿಲ್ಲ, ಸುಮ್ನೆ ಸ್ವಲ್ಪ ನಿಧಾನ ಮಾಡಿದ್ದಾರೆ. ಅವ್ವ "ಹೂಂ" ಅಂದಳು, ಎದುರಿಗೆ ಕೂತವರಿಗೆ ಹೇಳೋ ಹಾಗೆ. ಆಮೇಲೆ ಮುಗಿಯೋವರೆಗೂ ಅಲ್ಲಲ್ಲಿ ಹೂಂಗುಟ್ಟುತ್ತಾ ಕೇಳಿದಳು. ಅವಳು ಹೀಗೆ ಹೂಂಗುಟ್ಟಿದ್ದನ್ನ ನಾನು ಕೇಳಿ ಎಷ್ಟು ವರ್ಷ ಆಗಿತ್ತೋ.

ಒಂದು ತಪ್ಪು ಹಿಡಿದಳು. ಹದಿನಾಲ್ಕನೇ ನಿಮಿಷದ ಹತ್ತಿರ ಸೊಸೆ ಹಿರಿಯರ ಮುಂದೆ "ಹೋಗ್ತೀನಿ" ಅಂತ ಎದ್ದು ಹೊರಡ್ತಾಳೆ. "ಮನಿ ಬಿಟ್ಟು ಹೊಂಡುವಾಗ ಹೆಣ್ಮಕ್ಳು ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತಾರ. ಅದನ್ನ ಟೀಚರಮ್ಮಗ ಹೇಳು" ಅಂದಳು.

ಕೌದಿಕೋಣೆ | 9:55

ಅವ್ವಾರಿಗೆ ನನ್ನ ನಮಸ್ಕಾರ ತಿಳಿಸಿ. ಪುಸ್ತಕ ತೆಗೆದು ನೋಡಿದೆ, ಅಚ್ಚಿನಲ್ಲೇ "ಹೋಗ್ತೀನಿ" ಅಂತ ಇದೆ. ಸೊಸೆ ಆಮೇಲೆ ವಾಪಸ್ ಬರೋದೇ ಇಲ್ಲ, ಬರೆದವರು ಬೇಕಂತಲೇ ಹಾಗೆ ಬರೆದಿದ್ದಾರೆ. ನಾನು ಅಲ್ಲಿ ಒಂದು ಕ್ಷಣ ನಿಲ್ಲಬೇಕಿತ್ತು. ನಿಲ್ಲದೆ ಓಡಿಬಿಟ್ಟಿದೀನಿ. ಆ ಸಾಲನ್ನ ಮತ್ತೆ ಓದ್ತೀನಿ.

ಕಿವಿಯೇಕಣ್ಣು | 10:01

ನನಗೂ ಆ ಸಾಲು ಹಾಗೇ ದಾಟಿಹೋಗಿತ್ತು. ಈಗ ನಿಜವಾದ ವೇಗಕ್ಕೆ ಇಳಿಸಿ ಇನ್ನೊಂದು ಸಲ ಕೇಳ್ತೀನಿ.

ಮಾನ್ವಿರಸ್ತೆ | 10:04

ಅಯ್ಯೋ, ಕಥೆ ಹೇಳಿಬಿಟ್ರಲ್ಲ ಟೀಚರ್! ಅವ್ವನಿಗೆ ಇದನ್ನ ಹೇಳಲ್ಲ, ಅವಳೇ ಕೇಳಿ ತಿಳೀಲಿ. ಎರಡನೇ ಅಧ್ಯಾಯ ಯಾವಾಗ ಅಂತ ಆಗಲೇ ಎರಡು ಸಲ ಕೇಳಿದಳು.

ಕೌದಿಕೋಣೆ | 10:06

ನಾಳೆ ಬೆಳಿಗ್ಗೆ ಐದಕ್ಕೆ ಕೂರ್ತೀನಿ, ಹಾಲಿನ ಗಾಡಿ ಬರೋ ಮುಂಚೆ.